ಮಳೆ ಕೈಕೊಟ್ಟ ವರ್ಷ ಕೂಲಿ ಕೈಸೇರಿದರೆ

2005ರ ಫೆಬ್ರುವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪೊಲೀಸರು ತಂಗಿದ್ದ ಶಾಲೆಯ ಮೇಲೆ ನಕ್ಸಲರು ದಾಳಿ ಮಾಡಿದರು. ಪಾವಗಡ ಕರ್ನಾಟಕದ್ದೇ, ಆದರೆ ಹೆಚ್ಚುಕಡಿಮೆ ಸುತ್ತಲೂ ಆಂಧ್ರ. ಗಡಿಯ ಈ ಕಡೆ, ಆಂಧ್ರದ ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರದಲ್ಲಿ ಕನ್ನಡ ಮಾತಾಡುವ ನಮಗೆ ಅದು ಪಕ್ಕದೂರಿನ ಸುದ್ದಿ. ಅದಾಗಿ ವರ್ಷ ತುಂಬುವ ಮೊದಲೇ, 2006ರ ಫೆಬ್ರುವರಿ 2ರಂದು, ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಗೆ ಪ್ರಧಾನಿ ಮನಮೋಹನ್ ಸಿಂಗ್ ಬಂದು ಉದ್ಯೋಗ ಖಾತ್ರಿ ಯೋಜನೆ ಶುರು ಮಾಡಿದರು. ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೂಲಿ ಕೆಲಸ. ಆಗ ಮಡಕಶಿರಾ ಕೂಡ ಅದೇ ಜಿಲ್ಲೆಯಲ್ಲಿತ್ತು.

ಈ ಯೋಜನೆ ಬಂದದ್ದು ನಕ್ಸಲರಿಗಾಗಿ ಅಲ್ಲ, ಹಳ್ಳಿಯ ಕೂಲಿಕಾರರಿಗಾಗಿ. ಆದರೆ ಕೂಲಿಗೂ ಬಂದೂಕಿಗೂ ಇರುವ ನಂಟನ್ನು ಅರ್ಥಶಾಸ್ತ್ರಜ್ಞರು ಅಳೆದು ನೋಡಿದ್ದಾರೆ. ಅವರಿಗೆ ಸಿಕ್ಕ ಉತ್ತರ ನಾವು ಸುಮ್ನೆ ಊಹಿಸುವಷ್ಟು ಸರಳವಾಗಿಲ್ಲ.

‘ಬಡತನ ಇದ್ದಲ್ಲಿ ದಂಗೆ ಏಳುತ್ತದೆ’ ಅಂತ ಎಲ್ಲರೂ ಹೇಳುತ್ತಾರೆ. ಹಾಗಿದ್ದರೆ ಅನಂತಪುರ ಯಾವತ್ತೋ ಹೊತ್ತಿ ಉರಿಯಬೇಕಿತ್ತು. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ, ಅದನ್ನೇ ನಂಬಿದ ಕಡಲೆಕಾಯಿ. ಬೆಳೆ ಹೋದರೆ ಇಲ್ಲಿನ ಜನ ಬೆಂಗಳೂರಿನ ಬಸ್ ಹತ್ತುತ್ತಾರೆ, ಅಷ್ಟೇ. ಜೊತೆಗೆ ಇನ್ನೊಂದು ತೊಡಕಿದೆ. ಬಡತನದಿಂದ ಹಿಂಸೆ ಹುಟ್ಟುತ್ತದೋ, ಹಿಂಸೆ ನಡೆಯುವ ಕಡೆ ವ್ಯಾಪಾರ, ಬೇಸಾಯ ನಿಂತು ಬಡತನ ಬರುತ್ತದೋ? ಎರಡನ್ನೂ ಬಿಡಿಸುವುದು ಹೇಗೆ?

2004ರಲ್ಲಿ ಎಡ್ವರ್ಡ್ ಮಿಗೆಲ್, ಶಂಕರ್ ಸತ್ಯನಾಥ್ ಮತ್ತು ಅರ್ನೆಸ್ಟ್ ಸರ್ಜೆಂಟಿ ಇದಕ್ಕೊಂದು ಜಾಣ ದಾರಿ ಹುಡುಕಿದರು. ಬಂದೂಕಿಗೆ ಹೆದರಿ ಮಳೆ ನಿಲ್ಲುವುದಿಲ್ಲ, ಅಲ್ವಾ? ಆದ್ದರಿಂದ ಮಳೆ ಕಡಿಮೆಯಾಗಿ ಆದಾಯ ಕುಸಿದ ವರ್ಷಗಳನ್ನು ನೋಡಿದರೆ ಕಾರಣ ಯಾವುದು, ಪರಿಣಾಮ ಯಾವುದು ಅಂತ ತಿಳಿಯುತ್ತದೆ. ಅವರು ಆಫ್ರಿಕಾದ 41 ದೇಶಗಳ 1981ರಿಂದ 1999ರವರೆಗಿನ ಲೆಕ್ಕ ತೆಗೆದರು. ಆರ್ಥಿಕ ಬೆಳವಣಿಗೆಯ ದರ 5 ಶೇಕಡಾವಾರು ಅಂಶ ಕುಸಿದರೆ ಮರುವರ್ಷ ಅಂತರ್ಯುದ್ಧದ ಸಂಭವ ಅರ್ಧದಷ್ಟು ಏರುತ್ತಿತ್ತು. ಅಂದರೆ ನೋಡಬೇಕಾದ್ದು ಜನ ಎಷ್ಟು ಬಡವರು ಅನ್ನುವುದಕ್ಕಿಂತ ಜಾಸ್ತಿ, ಅವರ ಆದಾಯ ಎಷ್ಟು ಥಟ್ಟನೆ ಬಿತ್ತು ಅನ್ನುವುದನ್ನು.

ಕೊಲಂಬಿಯಾದಲ್ಲಿ ಒಯಿಂದ್ರಿಲಾ ದುಬೆ ಮತ್ತು ಹುವಾನ್ ವರ್ಗಾಸ್ ಕಂಡದ್ದು ಇನ್ನೂ ಸೋಜಿಗ. ಕಾಫಿ ಬೆಲೆ ಬಿದ್ದಾಗ ಕಾಫಿ ಬೆಳೆಯುವ ಕಡೆ ಹಿಂಸೆ ಏರಿತು. ತೈಲದ ವಿಷಯದಲ್ಲಿ ಉಲ್ಟಾ: ಬೆಲೆ ಏರಿದಾಗಲೇ ತೈಲ ಸಿಗುವ ಕಡೆ ಹಿಂಸೆ ಏರಿತು. ಕಾಫಿಗೆ ಆಳು ಬೇಕು. ಬೆಲೆ ಬಿದ್ದರೆ ಕೂಲಿ ಬೀಳುತ್ತದೆ, ಬಂದೂಕು ಹಿಡಿದವರ ಸಂಬಳ ಆಗ ದೊಡ್ಡದಾಗಿ ಕಾಣುತ್ತದೆ. ತೈಲಕ್ಕೆ ಅಷ್ಟು ಕೈ ಬೇಡ. ಅಲ್ಲಿ ದುಡ್ಡು ಹೆಚ್ಚಿದರೆ ದೋಚುವವರಿಗೆ ಹಬ್ಬ.

ನಮ್ಮ ದೇಶದ ವಿಷಯಕ್ಕೆ ಬರೋಣ. ಉದ್ಯೋಗ ಖಾತ್ರಿ ಎಲ್ಲ ಕಡೆ ಒಟ್ಟಿಗೆ ಬರಲಿಲ್ಲ. ಮೊದಲು 200 ಜಿಲ್ಲೆ, 2007ರಲ್ಲಿ ಇನ್ನೂ 130, 2008ರಲ್ಲಿ ಉಳಿದವು. ಹೋಲಿಸಿ ನೋಡುವವರಿಗೆ ಇದೇ ಅನುಕೂಲವಾಯಿತು. ಮುಂಗಾರು ಕೈಕೊಟ್ಟ ಮರುವರ್ಷ ಮಾವೋವಾದಿ ಹಿಂಸೆ ಏರುವ ನಂಟು, ಯೋಜನೆ ಬಂದ ಮೇಲೆ ಸಡಿಲವಾಯಿತು ಅಂತ ಥೀಮೊ ಫೆಟ್ಜರ್ ತೋರಿಸಿದರು. ಹೊಲದಲ್ಲಿ ಕೂಲಿ ಇಲ್ಲದಾಗ ಕೆರೆ ಹೂಳೆತ್ತುವ ಕೆಲಸವಾದರೂ ಇತ್ತು.

ಆದರೆ ಗೌರವ್ ಖನ್ನಾ ಮತ್ತು ಲಾರಾ ಝಿಮ್ಮರ್‌ಮನ್ ಅವರಿಗೆ ಕಂಡ ಚಿತ್ರವೇ ಬೇರೆ. ಯೋಜನೆ ಬಂದ ಹೊಸದರಲ್ಲಿ ಹಿಂಸೆ ಜಾಸ್ತಿಯೇ ಆಯಿತು. ಸರ್ಕಾರದ ಮೇಲೆ ಭರವಸೆ ಬಂದ ಜನ ಪೊಲೀಸರಿಗೆ ಸುಳಿವು ಕೊಡತೊಡಗಿದ್ದು, ಪೊಲೀಸರ ಕಾರ್ಯಾಚರಣೆ ಹೆಚ್ಚಿದ್ದು ಇದಕ್ಕೆ ಕಾರಣ ಅನ್ನುವುದು ಅವರ ವಿವರಣೆ. ಸುಳಿವು ಕೊಟ್ಟ ಹಳ್ಳಿಯವನನ್ನು ಆಮೇಲೆ ಕಾಯುವವರು ಯಾರು? ಯೋಜನೆ ರೂಪಿಸುವವರು ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಫಿಲಿಪ್ಪೀನ್ಸ್‌ನಲ್ಲಂತೂ ನೆರವೇ ಗುರಿಯಾಯಿತು. ಅಲ್ಲಿ ಬಡ ಊರುಗಳ ಕಾಮಗಾರಿಗೆ ಸರ್ಕಾರ ನೆರವು ಕೊಡುವ ಯೋಜನೆಯೊಂದಿತ್ತು; ಬಡತನದ ಪಟ್ಟಿಯಲ್ಲಿ ಕೂದಲೆಳೆಯ ಅಂತರದಲ್ಲಿ ಅದು ಸಿಕ್ಕ ಊರುಗಳನ್ನೂ, ಅಷ್ಟರಲ್ಲೇ ತಪ್ಪಿದ ಊರುಗಳನ್ನೂ ಸಂಶೋಧಕರು ಹೋಲಿಸಿದರು. ಸಿಕ್ಕ ಊರುಗಳಲ್ಲೇ ಸಾವುನೋವು ಹೆಚ್ಚು, ಅದೂ ಕೆಲಸ ಶುರುವಾಗುವ ಮುಂಚಿನ ತಯಾರಿಯ ತಿಂಗಳುಗಳಲ್ಲಿ. ಯೋಜನೆ ಗೆದ್ದರೆ ಜನ ತಮ್ಮ ಕೈಬಿಡುತ್ತಾರೆ ಅಂತ ದಂಗೆಕೋರರಿಗೆ ಗೊತ್ತಿತ್ತು. ಇರಾಕ್‌ನಲ್ಲಿ ಹಿಂಸೆ ತಗ್ಗಿಸಿದ್ದು ಸ್ಥಳೀಯರನ್ನು ಕೇಳಿ ಮಾಡಿದ ಸಣ್ಣ ಕಾಮಗಾರಿಗಳು, ಅದೂ ಭದ್ರತೆ ಇದ್ದ ಕಡೆ.

ಆಂಧ್ರದಲ್ಲಿ ಉದ್ಯೋಗ ಖಾತ್ರಿಯಿಂದ ಹಿಂಸೆ ಚೆನ್ನಾಗಿಯೇ ತಗ್ಗಿತು ಅನ್ನುತ್ತದೆ ಆದಿತ್ಯ ದಾಸ್‌ಗುಪ್ತಾ, ಕಿಶೋರ್ ಗಾವಂಡೆ, ದೇವೇಶ್ ಕಪೂರ್ ಅವರ 2017ರ ಅಧ್ಯಯನ. ಆಡಳಿತ ಬಿಗಿ ಇಲ್ಲದ ರಾಜ್ಯಗಳಲ್ಲಿ ಅಂಥ ಫಲ ಕಾಣಲಿಲ್ಲ. ಕಾನೂನು ಒಂದೇ, ಆದರೆ ಇಲ್ಲಿ ಕಂಪ್ಯೂಟರಿನಲ್ಲಿ ಹಾಜರಿ ಲೆಕ್ಕ ಇತ್ತು, ಊರವರ ಮುಂದೆ ಪಟ್ಟಿ ಓದಿಸುವ ಸಾಮಾಜಿಕ ಲೆಕ್ಕಪರಿಶೋಧನೆ ಇತ್ತು. ಅದೇ ಕಾಲದಲ್ಲಿ ನಕ್ಸಲರನ್ನು ಹತ್ತಿಕ್ಕುವ ಆಂಧ್ರ ಪೊಲೀಸರ ಗ್ರೇಹೌಂಡ್ಸ್ ಪಡೆಯೂ ಕಾಡಿನಲ್ಲಿತ್ತು ಅನ್ನುವುದನ್ನು ಮರೆಯಬಾರದು. ಪೂರ್ತಿ ಶ್ರೇಯಸ್ಸನ್ನು ಕೂಲಿಗೆ ಕೊಟ್ಟರೆ ಸುಳ್ಳಾಗುತ್ತದೆ.

ಇವನ್ನೆಲ್ಲ ಓದುವಾಗ ನನ್ನ ಮನಸ್ಸು ಮತ್ತೆ ಮತ್ತೆ ಪಾವಗಡದ ಸೋಲಾರ್ ಪಾರ್ಕಿನ ಕಡೆ ಹೋಗುತ್ತದೆ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಸರ್ಕಾರ ಜಮೀನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಿತು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬರ ಬಂದರೂ ನಿಲ್ಲದ ಆದಾಯ ಅದು, ನಿಜಕ್ಕೂ ಒಳ್ಳೆಯ ಏರ್ಪಾಡು. ಆದರೆ ಅದು ಹೊಲ ಇದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ತೆಗೆದು, ಕಡಲೆಕಾಯಿ ಕಿತ್ತು ಬದುಕುತ್ತಿದ್ದ ಜಮೀನಿಲ್ಲದವರಿಗೆ ಗುತ್ತಿಗೆ ಹಣ ಇಲ್ಲ, ಆ ಕೂಲಿಯೂ ಹೋಯಿತು. ಫಲಕ ಒರೆಸಲು, ಕಾವಲು ಕಾಯಲು ಬೇಕಾಗುವುದು ಕೆಲವೇ ಜನ. ಕೈಗಳ ಲೆಕ್ಕದಲ್ಲಿ ಸೋಲಾರ್ ಕಾಫಿಗಿಂತ ತೈಲಕ್ಕೇ ಹತ್ತಿರ. ಹೊಲವೇ ಇಲ್ಲದ ಆ ಮನೆಗಳ ಆದಾಯ ಬರದ ವರ್ಷ ಎಷ್ಟು ಕುಸಿಯುತ್ತಿದೆ ಅಂತ ಯಾರಾದರೂ ಕೂತು ವರ್ಷವರ್ಷವೂ ಅಳೆಯಬೇಕು. ಗಡಿಯ ಈಚೆ ನಮ್ಮ ಹಳ್ಳಿಗಳಿಗೂ ಇಂಥ ಪಾರ್ಕುಗಳು ಬರುವುದಾದರೆ ಆ ಲೆಕ್ಕ ಮೊದಲು ಕೈಯಲ್ಲಿರಬೇಕು.