ಹಳೆಯ ಹ್ಯಾಂಡ್‌ಹೆಲ್ಡ್ ಗೇಮ್‌ಗಳಿಗೆ ಯಾವ ಎಮ್ಯುಲೇಟರ್?

ಹಾಸನದಲ್ಲಿ ನಮ್ಮ ಜೊತೆ ಕಲಿಯುವವರು ಮೊದಲು ಕೇಳುವುದೇ "ಯಾವ ಎಮ್ಯುಲೇಟರ್ ಬೆಸ್ಟ್?" ಅಂತ. ಉತ್ತರ ನಿಮ್ಮ ಕೈಲಿರುವ ಫೋನಿನ ಮೇಲಿದೆ. ಹಳೆಯ ಯಂತ್ರದ ಚಿಪ್ ಮಾಡುತ್ತಿದ್ದ ಕೆಲಸವನ್ನು ಎಮ್ಯುಲೇಟರ್ ಸಾಫ್ಟ್‌ವೇರ್‌ನಲ್ಲೇ ಮಾಡುತ್ತದೆ. ಅದನ್ನು ಎಷ್ಟು ಕರಾರುವಾಕ್ಕಾಗಿ ಮಾಡಿದರೆ ಪ್ರೊಸೆಸರ್ ಮೇಲೆ ಅಷ್ಟು ಹೊರೆ.

ನಿಂಟೆಂಡೊ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಯಂತ್ರ, 1989ರ ಗೇಮ್ ಬಾಯ್‌ನ ಪ್ರೊಸೆಸರ್ ಓಡುತ್ತಿದ್ದದ್ದು ಸುಮಾರು 4.19 ಮೆಗಾಹರ್ಟ್ಸ್‌ನಲ್ಲಿ. ಈಗಿನ ಸಾಧಾರಣ ಫೋನಿಗೂ ಅದು ಲೆಕ್ಕಕ್ಕಿಲ್ಲ. ಹಾಗಾಗಿ ಇಲ್ಲಿ ವೇಗದ ಚಿಂತೆ ಬಿಟ್ಟು ಕರಾರುವಾಕ್ಕಾದದ್ದನ್ನೇ ಹಿಡಿಯಿರಿ: ಸೇಮ್‌ಬಾಯ್ ಅಥವಾ ಗ್ಯಾಂಬಟ್ಟೆ.

2001ರ ಗೇಮ್ ಬಾಯ್ ಅಡ್ವಾನ್ಸ್‌ಗೆ ನನ್ನ ಆಯ್ಕೆ ಎಂಜಿಬಿಎ. ಕಾರ್ಟ್ರಿಜ್ (ಆಟ ತುಂಬಿರುವ, ಯಂತ್ರಕ್ಕೆ ಸಿಕ್ಕಿಸುವ ಚಿಕ್ಕ ಡಬ್ಬಿ) ಒಳಗಿದ್ದ ಗಡಿಯಾರ, ಬಿಸಿಲಿನ ಸೆನ್ಸರ್ ಇಂಥವನ್ನೂ ಅದು ನೋಡಿಕೊಳ್ಳುತ್ತದೆ. 2003ರ ಬೊಕ್ಟಾಯ್ ಆಟಕ್ಕೆ ನಿಜವಾದ ಬಿಸಿಲೇ ಬೇಕಿತ್ತು. ಎಂಜಿಬಿಎಯಲ್ಲಿ ಬೆಳಕನ್ನು ನಾವೇ ಹೆಚ್ಚು ಕಡಿಮೆ ಮಾಡಬಹುದು. ಮಳೆಗಾಲದಲ್ಲಿ ಸಕಲೇಶಪುರದ ಕಡೆ ವಾರಗಟ್ಟಲೆ ಬಿಸಿಲು ಕಾಣಲ್ಲ ಅಲ್ವಾ, ಅಲ್ಲಿಯವರಿಗೆ ಇದು ತುಂಬಾ ಉಪಯೋಗ. ಸಾಧನ ತೀರಾ ಹಳೆಯದಾಗಿ ಆಟ ತಡವರಿಸಿದರೆ ಜಿಪಿಎಸ್‌ಪಿ ಇದೆ. ಅದು ಆಟದ ಕೋಡನ್ನು ಸಾಧನದ ಪ್ರೊಸೆಸರ್‌ಗೆ ಹೊಂದುವ ಕೋಡಾಗಿ ಬದಲಿಸಿ ಓಡಿಸುತ್ತದೆ. ವೇಗ ಸಿಗುತ್ತದೆ, ಕರಾರುವಾಕ್ಕು ಸ್ವಲ್ಪ ಕಡಿಮೆ.

ನಿಂಟೆಂಡೊ ಡಿಎಸ್‌ಗೆ ಮೆಲನ್‌ಡಿಎಸ್, ಸೋನಿಯ ಹ್ಯಾಂಡ್‌ಹೆಲ್ಡ್ ಪಿಎಸ್‌ಪಿಗೆ ಪಿಪಿಎಸ್‌ಎಸ್‌ಪಿಪಿ. ಎರಡಕ್ಕೂ ಶಕ್ತಿ ಜಾಸ್ತಿ ಬೇಕು.

ಪರದೆಯ ಲೆಕ್ಕವನ್ನೂ ಹಾಕಿ. ಅಡ್ವಾನ್ಸ್‌ನ ಚಿತ್ರ 240×160 ಪಿಕ್ಸೆಲ್. 720×480 ಪರದೆಯಲ್ಲಿ ಅದು ಸರಿಯಾಗಿ ಮೂರು ಪಟ್ಟಾಗಿ ಕೂರುತ್ತದೆ. 640×480ರಲ್ಲಿ ಪೂರ್ತಿ ಅಗಲಕ್ಕೆ ಎಳೆದರೆ ಕೆಲವು ಪಿಕ್ಸೆಲ್ ದಪ್ಪ, ಕೆಲವು ಸಣ್ಣ. ಆಟದ ದೃಶ್ಯ ಸರಿಯುವಾಗ ಅಕ್ಷರಗಳು ಅದುರಿದಂತೆ ಕಾಣುತ್ತವೆ. ಆಗ ಇಂಟಿಜರ್ ಸ್ಕೇಲಿಂಗ್ ಹಾಕಿ, ಅಂದರೆ ಚಿತ್ರವನ್ನು ಎರಡು, ಮೂರು ಹೀಗೆ ಪೂರ್ತಿ ಪಟ್ಟಿನಲ್ಲೇ ದೊಡ್ಡದು ಮಾಡುವ ಆಯ್ಕೆ. ಸುತ್ತ ಕಪ್ಪು ಅಂಚು ಬಂದರೂ ಚಿತ್ರ ಚೊಕ್ಕಟವಾಗಿರುತ್ತದೆ.

ಸೇವ್ ವಿಷಯದಲ್ಲಿ ಮಾತ್ರ ತುಂಬಾ ಜಾಗ್ರತೆ. ಸೇವ್ ಸ್ಟೇಟ್ ಅಂದರೆ ಆ ಕ್ಷಣದ ಇಡೀ ಮೆಮೊರಿಯ ನಕಲು. ಒಂದು ಎಮ್ಯುಲೇಟರ್‌ನದು ಇನ್ನೊಂದರಲ್ಲಿ ಸಾಮಾನ್ಯವಾಗಿ ತೆರೆಯಲ್ಲ, ಅಪ್‌ಡೇಟ್ ಆದ ಮೇಲೆ ಅದರಲ್ಲೇ ತೆರೆಯದೆಯೂ ಇರಬಹುದು. ಆಟದ ಮೆನುವಿನಿಂದ ಮಾಡಿದ ಸೇವ್ ಹಾಗಲ್ಲ. ಅದು ಕಾರ್ಟ್ರಿಜ್‌ನ ಸೇವ್ ಮೆಮೊರಿಯಷ್ಟೇ, ಬಹಳ ಕಡೆ ನಡೆಯುತ್ತದೆ. ಎಮ್ಯುಲೇಟರ್ ಬದಲಿಸುವ ಮೊದಲು ಮೆನುವಿನಿಂದಲೇ ಸೇವ್ ಮಾಡಿ, ಆ ಫೈಲನ್ನು ಬೇರೆ ಕಡೆ ನಕಲು ಮಾಡಿಡಿ. ಹೊಸದರಲ್ಲಿ ಆಟ ತೆರೆದುಕೊಂಡ ಮೇಲಷ್ಟೇ ಹಳೆಯ ಎಮ್ಯುಲೇಟರನ್ನು ಅಳಿಸಿ.