ಗೆಳತಿಯ ಮನೆಯ ಹಳದಿ ಗೋಡೆ ನಮ್ಮ ಮನೆಯಲ್ಲಿ ಏಕೆ ಒಪ್ಪಲಿಲ್ಲ?

ಪ್ರಶ್ನೆ: "ತೀರ್ಥಹಳ್ಳಿಯ ಹತ್ತಿರ ಇರುವ ನನ್ನ ಗೆಳತಿಯ ಮನೆಯ ಜಗುಲಿ ನನಗೆ ಬಹಳ ಇಷ್ಟ. ಅಲ್ಲಿನ ಗೋಡೆಯ ಹಳದಿ ಬಣ್ಣದ ನಂಬರನ್ನು ಕೇಳಿ ಪಡೆದು, ಶಿವಮೊಗ್ಗದ ನಮ್ಮ ಮನೆಯ ಹಾಲಿಗೆ ಹೊಡೆಸಿದೆವು. ಕಂಪನಿ ಅದೇ, ನಂಬರ್ ಅದೇ. ಆದರೂ ಆ ಅಂದ ಬರಲಿಲ್ಲ, ಕಣ್ಣಿಗೆ ಹೊಡೆಯುತ್ತದೆ. ಇನ್ನೊಬ್ಬರ ಮನೆ ನೋಡಿ ಮಾಡುವುದೇ ತಪ್ಪೇ? ಹಾಗಾದರೆ ಮನೆ ಚೆಂದ ಮಾಡಿಕೊಳ್ಳಲು ಐಡಿಯಾ ಎಲ್ಲಿಂದ ತರಬೇಕು?"

ಪರದೆ, ಸೋಫಾ, ತಾಮ್ರದ ಹಂಡೆ, ಬೆತ್ತದ ಕುರ್ಚಿ ಎಂದು ವಸ್ತುವಿನ ಹೆಸರು ಬದಲಾಗುತ್ತದೆಯೇ ಹೊರತು ನನ್ನ ಬಳಿ ಬರುವ ಪ್ರಶ್ನೆ ಇದೊಂದೇ. ಮದುವೆಮನೆಯ ಪಂಕ್ತಿಯಲ್ಲಿ ಕುಳಿತಾಗಲೂ ಇದಕ್ಕೆ ಉತ್ತರ ಹೇಳಿದ್ದೇನೆ. ಹೇಳಿ ಹೇಳಿ ಸಾಕಾಗಿದೆಯಾದರೂ ಪ್ರಶ್ನೆ ಒಳ್ಳೆಯದಾದ್ದರಿಂದ ಈ ಸಲ ಪೂರ್ತಿಯಾಗಿ ಬರೆಯುತ್ತೇನೆ.

ಸ್ನೇಹಿತರ ಮನೆ ನೋಡಿ ಕಲಿಯುವುದರಲ್ಲಿ ಯಾವ ತಪ್ಪೂ ಇಲ್ಲ. ಅದಕ್ಕಿಂತ ಒಳ್ಳೆಯ ಪಾಠಶಾಲೆ ಮತ್ತೊಂದಿಲ್ಲ ಎಂಬುದೇ ನನ್ನ ಅಭಿಪ್ರಾಯ. ಮೊಬೈಲಿನಲ್ಲಿ ಬರುವ ಚಿತ್ರಕ್ಕೆ ಕೋಣೆಯ ಒಂದು ಮೂಲೆ, ದಿನದ ಒಂದು ಹೊತ್ತು ಮಾತ್ರ ಗೊತ್ತು. ಗೆಳತಿಯ ಮನೆಯಲ್ಲಾದರೆ ಕುಳಿತು ನೋಡಬಹುದು, ಮುಟ್ಟಿ ನೋಡಬಹುದು, ಮಳೆಗಾಲದಲ್ಲಿ ಮತ್ತೆ ಹೋಗಿ ಅದೇ ಗೋಡೆ ಹೇಗಾಗಿದೆ ಎಂದು ಪರೀಕ್ಷಿಸಬಹುದು. ಎಡವಟ್ಟಾಗುವುದು ಅಲ್ಲಿಂದ ಏನನ್ನು ಎತ್ತಿಕೊಂಡು ಬರುತ್ತೇವೆ ಎಂಬುದರಲ್ಲಿ. ಅಂದವೆಲ್ಲ ವಸ್ತುವಿನಲ್ಲಿಯೇ ಇದೆ, ಆ ವಸ್ತುವನ್ನೇ ತಂದಿಟ್ಟರೆ ಅಂದವೂ ಅದರ ಹಿಂದೆಯೇ ಬರುತ್ತದೆ ಎಂಬ ನಂಬಿಕೆಯೊಂದು ನಮ್ಮ ಜನರಲ್ಲಿ ಬೇರೂರಿದೆ. ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುವ ಈ ನಂಬಿಕೆಯನ್ನು ಇಂದು ಬುಡಸಮೇತ ಕೀಳಬೇಕಾಗಿದೆ.

ಹಳದಿ ಗೋಡೆಯಿಂದಲೇ ಆರಂಭಿಸೋಣ. ಮಲೆನಾಡಿನ ಜಗುಲಿಗೆ ನೇರ ಬಿಸಿಲು ಬರುವುದು ಕಡಿಮೆ. ಮಳೆಯ ಇರಚಲು ತಡೆಯಲೆಂದು ಸೂರನ್ನು ತಗ್ಗಾಗಿ ಇಳಿಸಿರುತ್ತಾರೆ. ಆದ್ದರಿಂದ ಬಿಸಿಲು ಮೊದಲು ಅಂಗಳಕ್ಕೆ ಬಿದ್ದು, ಅಲ್ಲಿಂದ ಪುಟಿದು, ಒಳಗಿನ ರೆಡ್ ಆಕ್ಸೈಡ್ ನೆಲಕ್ಕೆ ತಾಗಿ, ಆ ನೆಲದ ಕೆಂಪನ್ನು ಒಂದಿಷ್ಟು ಹೊತ್ತುಕೊಂಡು ಗೋಡೆಯನ್ನು ಮುಟ್ಟುತ್ತದೆ. ಮೇಲೆ ನೋಡಿದರೆ ಹೊಗೆಯಿಂದಲೂ ವಯಸ್ಸಿನಿಂದಲೂ ಕಪ್ಪಾದ ಮರದ ಜಂತಿಗಳು. ಮುಂದೆ ಕಂಬಗಳ ಸಾಲು. ಹೀಗೆ ಮೇಲೆ ಕಪ್ಪು, ಕೆಳಗೆ ಕೆಂಪು ಇರುವ ಜಾಗದಲ್ಲಿ ನಡುವಿನ ಒಂದೇ ಒಂದು ಗೋಡೆಗೆ ಹಳದಿ ಬಳಿದಾಗ, ಅಲ್ಲಿ ಬೆಳಕು ತುಂಬಿದಂತೆ ಕಾಣುತ್ತದೆ. ನೀವು ಮೆಚ್ಚಿದ್ದು ಈ ಇಡೀ ಏರ್ಪಾಡನ್ನು. ತಂದದ್ದು ಅದರೊಳಗಿನ ಒಂದು ನಂಬರನ್ನು.

ಈಗ ನಿಮ್ಮ ಹಾಲಿಗೆ ಬನ್ನಿ. ನೆಲಕ್ಕೆ ಬಿಳಿಯ ಹೊಳಪಿನ ಟೈಲ್ಸ್, ಮೇಲೆ ಬಿಳಿಯ ಆರ್‌ಸಿಸಿ ಛಾವಣಿ, ಹಳದಿ ಬಳಿದದ್ದು ನಾಲ್ಕೂ ಗೋಡೆಗೆ. ಎದುರುಬದುರಾದ ಹಳದಿ ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಚೆಲ್ಲುವುದರಿಂದ ಡಬ್ಬಿಯಲ್ಲಿದ್ದುದಕ್ಕಿಂತ ಗಾಢವಾದ ಹಳದಿ ಕಣ್ಣಿಗೆ ಬೀಳುತ್ತದೆ. ಸಂಜೆಯಾದ ಮೇಲೆ ಟ್ಯೂಬ್‌ಲೈಟ್ ಹಾಕುತ್ತೀರಿ. ಅದರ ಪೆಟ್ಟಿಗೆಯ ಮೇಲೆ 6500 ಕೆ. (ಕೆಲ್ವಿನ್, ಬೆಳಕಿನ ಛಾಯೆಯ ಅಳತೆ) ಎಂದು ಬರೆದಿದ್ದರೆ ಅದು ನೀಲಿ ಛಾಯೆಯ ಬೆಳಕು. ಅದರಡಿಯಲ್ಲಿ ಹಳದಿ ಬಣ್ಣ ಹಸಿರಿಗೆ ತಿರುಗಿ ರೋಗಿಷ್ಠವಾಗಿ ಕಾಣುತ್ತದೆ. ಗೆಳತಿಯ ಜಗುಲಿಯಲ್ಲಿ ಹೆಚ್ಚಾಗಿ 2700 ಅಥವಾ 3000 ಕೆ. ಇರುವ ಬೆಚ್ಚನೆಯ ಬಲ್ಬು ಉರಿಯುತ್ತಿರಬೇಕು, ಒಮ್ಮೆ ವಿಚಾರಿಸಿ. ಮತ್ತೆ ಬಣ್ಣ ಹೊಡೆಸುವ ಖರ್ಚಿಗೆ ಇಳಿಯುವ ಮೊದಲು ಬಲ್ಬು ಬದಲಿಸಿ ನೋಡಿ, ಮೂರು ಗೋಡೆಗಳನ್ನು ಸುಣ್ಣದ ಬಿಳುಪಿಗೆ ತಂದು ಕಿಟಕಿಗೆ ಎದುರಾದ ಒಂದನ್ನು ಮಾತ್ರ ಹಳದಿಯಾಗಿಯೇ ಉಳಿಸಿ. ಈ ಮಾತನ್ನು ಕೇಳಿದವರಲ್ಲಿ ಹಲವರ ಮನೆಯ ಹಾಲ್ ಇಂದು ನಿಜವಾಗಿಯೂ ಚೆನ್ನಾಗಿದೆ ಎಂದು ಸಂತೋಷದಿಂದ ಹೇಳುತ್ತೇನೆ. ಇನ್ನೂ ಬಣ್ಣ ಹೊಡೆಸದವರು ಅತಿ ಚಿಕ್ಕ ಡಬ್ಬಿ ತಂದು, ಗೋಡೆಯ ಮೇಲೆ ಎರಡು ಅಡಿ ಚೌಕದಷ್ಟು ಬಳಿದು, ಬೆಳಿಗ್ಗೆ, ಮಧ್ಯಾಹ್ನ, ದೀಪ ಹಾಕಿದ ಮೇಲೆ ಮತ್ತು ಮೋಡ ಕವಿದ ದಿನ ನೋಡಿ ತೀರ್ಮಾನಿಸಲಿ. ಅಂಗಡಿಯಲ್ಲಿ ಕೊಡುವ ಬೆರಳಗಲದ ಚೀಟಿಯನ್ನು ನೋಡಿ ತೀರ್ಮಾನಿಸುವುದನ್ನು ದಯವಿಟ್ಟು ಬಿಡಿ.

ಬೆಳಕಿನಷ್ಟೇ ಮುಖ್ಯವಾದದ್ದು ಥಂಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ಸುಮಾರು 90 ಕಿ.ಮೀ. ದೂರದ ಶಿವಮೊಗ್ಗ ನಗರದಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಒಂದೇ ಜಿಲ್ಲೆಯೊಳಗೇ ಇಷ್ಟು ವ್ಯತ್ಯಾಸವಿರುವಾಗ ಬೆಂಗಳೂರಿನ ಸ್ನೇಹಿತರ ಮನೆಯ ಮಖಮಲ್ಲಿನ ಸೋಫಾವನ್ನೂ ಗೋಡೆಗೆ ಅಂಟಿಸಿದ ಕಾಗದವನ್ನೂ ಮಳೆ ಹೆಚ್ಚಿರುವ ಹೊಸನಗರಕ್ಕೆ ತಂದರೆ ಆಷಾಢ ಮುಗಿಯುವಷ್ಟರಲ್ಲಿ ಬೂಷ್ಟು ಹಿಡಿಯುವುದರಲ್ಲಿ ಆಶ್ಚರ್ಯವೇನಿದೆ? ಹೊರಗೋಡೆಗೆ ಒತ್ತಿಟ್ಟ ಬೀರುವಿನ ಹಿಂಬದಿಯೂ ಹಾಗೆಯೇ. ಗಾಳಿಯಾಡಲು ಎರಡು ಮೂರು ಅಂಗುಲ ಬಿಡದಿದ್ದರೆ ಅದು ಒಳಗೊಳಗೇ ಹಾಳಾಗುತ್ತದೆ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಅಡುಗೆಮನೆ ಕಪಾಟುಗಳಲ್ಲಿ ಒಂದರೊಳಗೆ ಐಎಸ್ 710 ಗುರುತಿನ, ನೀರು ತಡೆಯುವ ಪ್ಲೈವುಡ್ ಇರಬಹುದು, ಇನ್ನೊಂದರೊಳಗೆ ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ ಇರಬಹುದು. ಮೇಲಿನ ಬಣ್ಣ ನೋಡಿ ಮೆಚ್ಚಿದವರಿಗೆ ಈ ವ್ಯತ್ಯಾಸ ತಿಳಿಯುವುದು ಎರಡನೆಯ ಮಳೆಗಾಲದಲ್ಲಿ.

ಬಿದಿರಿನ ಬುಟ್ಟಿಯ ವಿಷಯ ಇದಕ್ಕಿಂತ ಸ್ವಾರಸ್ಯವಾಗಿದೆ. ಹಳೆಯ ಮನೆಗಳ ಅಟ್ಟದಿಂದ ಇಳಿಸಿದ ಬುಟ್ಟಿಗಳಿಗೆ ಜೇನಿನಂಥ ಕಂದು ಹೊಳಪಿರುತ್ತದೆ. ಅದನ್ನು ನೋಡಿ ಮೆಚ್ಚಿದವರು ಸಂತೆಯಿಂದ ಹೊಸ ಬುಟ್ಟಿ ತಂದು, ಪಾಲಿಶ್ ಬಳಿದು, ಟಿವಿಯ ಪಕ್ಕ ಇಡುತ್ತಾರೆ. ಕೆಲವು ತಿಂಗಳಲ್ಲಿ ಅದರ ಕೆಳಗೆ ನುಣ್ಣನೆಯ ಹಿಟ್ಟು ಉದುರತೊಡಗುತ್ತದೆ. ಆ ಕಂದು ಬಣ್ಣ ವರ್ಷಾನುಗಟ್ಟಲೆ ಒಲೆಯ ಮೇಲಿನ ಅಟ್ಟದಲ್ಲಿದ್ದು ಕುಡಿದ ಹೊಗೆಯದು, ಕುಟ್ಟೆ ಹುಳುವನ್ನು ದೂರವಿಟ್ಟದ್ದೂ ಅದೇ ಹೊಗೆ. ತಾಮ್ರದ ಕೊಡವೂ ಇದೇ ಜಾತಿಗೆ ಸೇರಿದ್ದು. ದಿನವೂ ನೀರು ತುಂಬುವ ಮನೆಯಲ್ಲಿ ಅದಕ್ಕೆ ಹುಣಸೆಹಣ್ಣು, ಬೂದಿ ತಪ್ಪುವುದಿಲ್ಲವಾದ್ದರಿಂದ ಅದು ಹೊಳೆಯುತ್ತದೆ. ಶೋಕೇಸಿಗೆ ಸೇರಿದ ಕೊಡ ನಮ್ಮ ಹವೆಯಲ್ಲಿ ಬೇಗನೆ ಕಿಲುಬು ಕಟ್ಟುತ್ತದೆ. ಬಳಕೆಯಿಂದ ಬಂದ ಅಂದವನ್ನು ಬಳಕೆಯಿಲ್ಲದೆ ಉಳಿಸಿಕೊಳ್ಳುವೆನೆಂದರೆ ಸಾಧ್ಯವಿಲ್ಲ.

ಹಸೆ ಚಿತ್ತಾರದ ಬಗ್ಗೆಯೂ ಹೇಳದೆ ಮುಂದೆ ಹೋಗಲಾರೆ. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ಮದುವೆಯ ಸಂದರ್ಭದಲ್ಲಿ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆಯುತ್ತಾ ಬಂದ ಚಿತ್ತಾರಕ್ಕೆ ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಒದಗುತ್ತವೆ, ಪುಂಡಿಯ ನಾರೇ ಕುಂಚವಾಗುತ್ತದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಕೂದಲೆಳೆಯಂಥ ಬಿಳಿ ಗೆರೆ ಎದ್ದು ಕಾಣುವುದು ಹಿಂದಿನ ಕೆಂಪಿನಿಂದಾಗಿ. ಅದೇ ವಿನ್ಯಾಸದ ಸ್ಟಿಕ್ಕರನ್ನು ಕೆನೆಬಣ್ಣದ ಗೋಡೆಗೆ ಅಂಟಿಸಿದರೆ ಗೆರೆಗಳೆಲ್ಲ ಗೋಡೆಯಲ್ಲೇ ಮುಳುಗುತ್ತವೆ, ಥಂಡಿಗೆ ಅಂಚುಗಳು ಬಿಟ್ಟುಕೊಳ್ಳುತ್ತವೆ. ಚಿತ್ತಾರ ಬೇಕೆಂದರೆ ಬರೆಯಬಲ್ಲವರನ್ನು ಮನೆಗೆ ಕರೆಸಿ, ಅವರ ಶ್ರಮಕ್ಕೆ ತಕ್ಕ ಬೆಲೆ ಕೊಟ್ಟು, ಒಂದು ಚಿಕ್ಕ ಗೋಡೆಯನ್ನು ಮೊದಲು ಕೆಂಪಾಗಿಸಿ ಬರೆಸಿಕೊಳ್ಳಿ.

ಹಾಗಾದರೆ ಗೆಳತಿಯ ಮನೆಯಲ್ಲಿ ಏನನ್ನು ನೋಡಬೇಕು? ಒಳಗೆ ಕಾಲಿಟ್ಟಾಗ ಕಣ್ಣು ಮೊದಲು ಎಲ್ಲಿ ನಿಂತಿತು, ಅಲ್ಲಿಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ, ಆ ವಸ್ತುವಿನ ಸುತ್ತ ಎಷ್ಟು ಜಾಗವನ್ನು ಖಾಲಿ ಬಿಟ್ಟಿದ್ದಾರೆ ಎಂಬುದನ್ನು ಗಮನಿಸಿ. ಆ ಖಾಲಿ ಜಾಗವನ್ನು ಯಾರೂ ಗಮನಿಸುವುದಿಲ್ಲ, ಆದರೆ ಹೆಚ್ಚಿನ ಕೆಲಸ ಮಾಡುವುದು ಅದೇ. ಜಗುಲಿಯ ಗೋಡೆಗೆ ಹೊಡೆದ ಮರದ ಗೂಟಗಳ ಸಾಲನ್ನೇ ತೆಗೆದುಕೊಳ್ಳಿ: ಗೂಟಗಳೆಲ್ಲ ಒಂದೇ ಎತ್ತರದಲ್ಲಿ, ಕೈಗೆಟುಕುವಂತೆ ಇರುತ್ತವೆ, ಒಂದರಲ್ಲಿ ಕಂಬಳಿ, ಇನ್ನೊಂದರಲ್ಲಿ ಛತ್ರಿ, ಮತ್ತೊಂದರಲ್ಲಿ ತೋಟಕ್ಕೆ ಹೋಗುವಾಗಿನ ಟೋಪಿ. ಒದ್ದೆ ಬಟ್ಟೆಯ ನೀರು ಗೋಡೆಗೆ ತಾಗದಿರಲೆಂದು ಗೂಟ ಒಂದು ಗೇಣಿನಷ್ಟು ಮುಂದೆ ಚಾಚಿರುತ್ತದೆ. ನಿಮ್ಮ ಮನೆಗೆ ತರಬೇಕಾದದ್ದು ಆ ಎತ್ತರ, ಆ ಗೇಣಿನ ಅಂತರ, ಬಾಗಿಲಿನ ಪಕ್ಕದ ಆ ಜಾಗ. ಗೂಟ ನಿಮ್ಮ ಬಡಗಿ ಮಾಡಿದ್ದೇ ಆಗಲಿ, ಸ್ಟೀಲಿನದೇ ಆಗಲಿ, ಅದು ಒಪ್ಪುತ್ತದೆ. ಫೋಟೋ ತೆಗೆಯುವುದಾದರೆ ಮನೆಯವರನ್ನು ಕೇಳಿ ತೆಗೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, "ಎಲ್ಲಿ ತಗೊಂಡೆ, ಎಷ್ಟಾಯಿತು?" ಎಂದು ಕೇಳುವ ಬದಲು "ಇದನ್ನು ಇಟ್ಟುಕೊಂಡು ನಿನಗೆ ಏನಾದರೂ ತೊಂದರೆ ಆಗಿದೆಯೇನೇ?" ಎಂದು ಕೇಳಿ. ಆತ್ಮೀಯ ಗೆಳತಿ ನಿಜ ಹೇಳುತ್ತಾಳೆ, ಅಂಗಡಿಯವರು ಹೇಳುವುದಿಲ್ಲ.

ದಿನನಿತ್ಯದ ಬದುಕಿನಲ್ಲಿಯೂ ನೋಡುವುದಕ್ಕೆ ಬೇಕಾದಷ್ಟಿದೆ. ಬಾಡಿಸಿದ ಬಾಳೆಲೆಯ ಹಸಿರಿನ ಮೇಲೆ ಸೇವಂತಿಗೆ ಮಾಲೆ ಇಟ್ಟುಕೊಂಡು ಮಾರುವ ಹೂವಾಡಗಿತ್ತಿಗೆ ಬಣ್ಣಗಳನ್ನು ಜೊತೆಗೂಡಿಸುವ ಪಾಠ ಯಾರೂ ಹೇಳಬೇಕಾಗಿಲ್ಲ. ಅಡಕೆ ಬೇಯಿಸಿ ಉಳಿದ ಚೊಗರಿನ ಕೆಂಗಂದು ನಮ್ಮೂರಿನ ಬೆಳಕಿಗೆ ಹೇಳಿ ಮಾಡಿಸಿದ ಬಣ್ಣ. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಚೊಗರಿನಲ್ಲಿಯೇ ಕೈಮಗ್ಗದ ನೂಲಿಗೆ ಬಣ್ಣ ಹಾಕುತ್ತಾರೆ. ಹತ್ತಿಯ ಅಂಥ ಬಟ್ಟೆ ಕಿಟಕಿಗೆ ಪರದೆಯಾದರೆ ಒಗೆಯಬಹುದು, ಒಣಗಿಸಬಹುದು. ಕುಪ್ಪಳಿಯ ಕವಿಮನೆಗೆ ನೆಂಟರನ್ನು ಕರೆದುಕೊಂಡು ಹೋದಾಗ ಫೋಟೋ ತೆಗೆದು ಹೊರಡದೆ, ತೊಟ್ಟಿಯಿಂದ ಇಳಿದ ಬೆಳಕು ಯಾವ ಕೋಣೆಯ ತನಕ ಹೋಗುತ್ತದೆ ಎಂಬುದನ್ನು ನಿಂತು ನೋಡಿ.

ಯಾರೂ ನೇರವಾಗಿ ಕೇಳಿಲ್ಲವಾದರೂ ಇನ್ನೊಂದು ವಿಷಯ ಹೇಳಲೇಬೇಕು. ಊರಿನ ಹಳೆಯ ಮನೆ ಕೆಡವಿದಾಗ ಸಿಕ್ಕ ಕಂಬವನ್ನು ಪಟ್ಟಣದ ಹಾಲಿನಲ್ಲಿ ನಿಲ್ಲಿಸುವವರು ಹೆಚ್ಚಾಗುತ್ತಿದ್ದಾರೆ. ಅಜ್ಜನ ಮನೆಯ ಕಂಬ ಮೊಮ್ಮಗಳ ಮನೆಗೆ ಬಂದರೆ ನನಗೆ ಸಂತೋಷವೇ. ಆದರೆ ಆ ಕಂಬ ಹಳೆಯ ಮನೆಯಲ್ಲಿ ನೆಲದ ಮೇಲೆ ನಿಂತಿರಲಿಲ್ಲ, ಕಲ್ಲಿನ ಪೀಠದ ಮೇಲೆ ನಿಂತಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಮರ ಕೊಯ್ದ ತುದಿಯಿಂದ ಬಹು ಬೇಗ ನೀರು ಹೀರುತ್ತದೆ. ದಿನವೂ ಒರೆಸುವ ಟೈಲ್ಸ್ ಮೇಲೆ ನೇರವಾಗಿ ನಿಲ್ಲಿಸಿದ ಕಂಬದ ಬುಡ ಮೆತ್ತಗಾಗುತ್ತದೆ. ಪೀಠವನ್ನೂ ಜೊತೆಗೆ ತನ್ನಿ, ಸಿಗದಿದ್ದರೆ ಮೂರು ಅಂಗುಲ ದಪ್ಪದ ಕಲ್ಲನ್ನಾದರೂ ಕೆಳಗೆ ಕೊಡಿ. ಮನೆಯೊಳಗೆ ತರುವ ಮೊದಲು ಕುಟ್ಟೆ, ಗೆದ್ದಲು ಇದೆಯೇ ಎಂದು ತಟ್ಟಿ ನೋಡಿ, ಇದ್ದರೆ ಔಷಧ ಹೊಡೆಸಿ. ಯಂತ್ರದಿಂದ ಉಜ್ಜಿ ಹೊಸದರಂತೆ ಮಾಡಲು ಬಡಗಿಗೆ ಬಿಡಬೇಡಿ. ಹಳೆಯ ಮನೆಯಲ್ಲಿ ಮಾಡಿನ ಭಾರವೇ ಕಂಬವನ್ನು ಅಲುಗಾಡದಂತೆ ಹಿಡಿದಿತ್ತು; ನಿಮ್ಮ ಹಾಲಿನಲ್ಲಿ ಆ ಭಾರವಿಲ್ಲ, ಮಕ್ಕಳು ಹಿಡಿದು ಸುತ್ತಿದರೂ ಉರುಳಬಹುದು. ಆದ್ದರಿಂದ ಕಂಬದ ತಲೆಯನ್ನು ಕಬ್ಬಿಣದ ಪಟ್ಟಿಯಿಂದ ಛಾವಣಿಗೆ, ಬುಡವನ್ನು ಸರಳಿನಿಂದ ಪೀಠಕ್ಕೆ ಬಿಗಿಸಿದ ಮೇಲೆಯೇ ಬಡಗಿಯ ಲೆಕ್ಕ ಚುಕ್ತಾ ಮಾಡಿ.