ಹಳೆಯ ಮೈಕ್ರೋವೇವ್ ಕೌಂಟರ್: ಅಂಕಿ ಹೊಳೆದರೆ ಸಾಲದು

ಹಳೆಯ ಮೈಕ್ರೋವೇವ್ ಫ್ರೀಕ್ವೆನ್ಸಿ ಕೌಂಟರ್ (ಗಿಗಾಹರ್ಟ್ಸ್ ಮಟ್ಟದ ರೇಡಿಯೋ ಸಿಗ್ನಲಿನ ಫ್ರೀಕ್ವೆನ್ಸಿ ಎಣಿಸುವ ಉಪಕರಣ) ಮಾರುವವರು ಹೆಚ್ಚಾಗಿ ಒಂದೇ ಥರದ ಫೋಟೋ ಹಾಕುತ್ತಾರೆ. ಪವರ್ ಆನ್ ಆಗಿದೆ, ಕೆಂಪು ಅಂಕಿಗಳು ಹೊಳೆಯುತ್ತಿವೆ, ಕೆಳಗೆ ‘ಸೆಲ್ಫ್ ಟೆಸ್ಟ್ ಓಕೆ’ ಅಂತ ಬರಹ. ಇಷ್ಟಕ್ಕೇ ದುಡ್ಡು ಕೊಡಬೇಡಿ. ಸೆಲ್ಫ್ ಟೆಸ್ಟ್‌ನಲ್ಲಿ ಕೌಂಟರ್ ಎಣಿಸುವುದು ತನ್ನೊಳಗಿನ ಸಿಗ್ನಲನ್ನೇ. ಹೊರಗಿನ ಸಿಗ್ನಲ್ ಒಳಬರುವ ಬಾಗಿಲು ಸರಿ ಇದೆಯೋ ಇಲ್ಲವೋ, ಅದು ಹೇಳುವುದಿಲ್ಲ.

ಆ ಬಾಗಿಲೇ ಸ್ಯಾಂಪ್ಲರ್. ಈ ಹಳೆಯ ಪೆಟ್ಟಿಗೆಗಳೊಳಗಿನ ಡಿಜಿಟಲ್ ಸರ್ಕ್ಯೂಟ್ 10 ಗಿಗಾಹರ್ಟ್ಸನ್ನು ನೇರವಾಗಿ ಎಣಿಸಲಾರದು. ಎಚ್‌ಪಿ 5342ಎ ಥರದ ಕೌಂಟರ್ ತನ್ನ ಆಸಿಲೇಟರಿನ ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಎರಡರಷ್ಟು, ಮೂರರಷ್ಟು ಹೀಗೆ ಬರುವ ಸಿಗ್ನಲ್) ಒಂದರ ಜೊತೆ ಒಳಬಂದ ಸಿಗ್ನಲನ್ನು ಬೆರೆಸಿ, ಉಳಿದ ಚಿಕ್ಕ ವ್ಯತ್ಯಾಸವನ್ನು ಎಣಿಸುತ್ತದೆ. ಅದು ಎಷ್ಟನೇ ಹಾರ್ಮೋನಿಕ್ ಅಂತ ಪತ್ತೆ ಮಾಡಿ ಲೆಕ್ಕ ಕಟ್ಟುತ್ತದೆ. ಈ ಬೆರಕೆ ನಡೆಯುವುದು ತೀರಾ ನಾಜೂಕಾದ ಡಯೋಡುಗಳಲ್ಲಿ. ಹಿಂದಿನವರು ಯಾರಾದರೂ ಟ್ರಾನ್ಸ್‌ಮಿಟರನ್ನು ನೇರವಾಗಿ ಸಿಕ್ಕಿಸಿದ್ದರೆ ಕಥೆ ಮುಗೀತು. ಬದಲಿ ಸ್ಯಾಂಪ್ಲರ್ ಬೇಕೆಂದರೆ ಇನ್ನೊಂದು ಕೆಟ್ಟ ಕೌಂಟರನ್ನೇ ಹುಡುಕಬೇಕಾದೀತು.

ಪೆಟ್ಟು ತಿಂದ ಸ್ಯಾಂಪ್ಲರ್ ಪೂರ್ತಿ ಸಾಯಬೇಕೆಂದಿಲ್ಲ. ಕೆಳಗಿನ ಬ್ಯಾಂಡಿನಲ್ಲಿ ಚೆನ್ನಾಗಿ ಓದುತ್ತದೆ, ಮೇಲೆ ಹೋದಂತೆ ಕಿವುಡಾಗುತ್ತದೆ. ಹಾಗಾಗಿ ಸಿಗ್ನಲ್ ಜನರೇಟರ್ ಸಿಕ್ಕರೆ 1, 5, 10 ಗಿಗಾಹರ್ಟ್ಸ್, ಆಮೇಲೆ ಮೇಲಿನ ತುದಿ, ಎಲ್ಲ ಕಡೆ ನೋಡಿ. ಪ್ರತಿ ಕಡೆಯೂ ಎಣಿಕೆ ತಪ್ಪುವವರೆಗೆ ಲೆವೆಲ್ ಇಳಿಸುತ್ತಾ ಹೋಗಿ. 5342ಎ 12.4 ಗಿಗಾಹರ್ಟ್ಸ್‌ವರೆಗೆ ಮೈನಸ್ 25 ಡಿಬಿಎಂಗೆ ಓದಬೇಕು (ಡಿಬಿಎಂ ಸಿಗ್ನಲ್ ಬಲದ ಅಳತೆ; 0 ಅಂದರೆ 1 ಮಿಲಿವಾಟ್, ಮೈನಸ್ ಹೆಚ್ಚಿದಷ್ಟೂ ಸಿಗ್ನಲ್ ಕ್ಷೀಣ). ಮೈನಸ್ 5 ಕೊಟ್ಟರಷ್ಟೇ ಓದುತ್ತದೆ ಅಂದರೆ ಬಿಟ್ಟುಬಿಡಿ. ಜನರೇಟರ್ ಇಲ್ವಾ? ಎಚ್‌ಬಿ100 ಅನ್ನುವ ಅಗ್ಗದ ರಡಾರ್ ಮಾಡ್ಯೂಲ್ 10.525 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಇನ್‌ಪುಟ್‌ಗೆ 7 ಮಿಲಿಮೀಟರ್ ತಂತಿಯ ಆಂಟೆನಾ ಹಾಕಿ ಹತ್ತಿರ ಹಿಡಿಯಿರಿ. ಕೊನೆಯ ಅಂಕಿಗಳು ಓಡಾಡಿದರೆ ಕೌಂಟರನ್ನು ಬೈಯಬೇಡಿ, ಓಡಾಡುತ್ತಿರುವುದು ಮಾಡ್ಯೂಲ್.

ಇನ್ನು ಟೈಮ್‌ಬೇಸ್, ಅಂದರೆ ಎಣಿಕೆಗೆ ಸಮಯ ಅಳೆದುಕೊಡುವ ಒಳಗಿನ ಗಡಿಯಾರ. ಕೋಟಿಯಲ್ಲಿ ಒಂದು ಪಾಲಿನ ತಪ್ಪು ಅಂದರೆ 10 ಗಿಗಾಹರ್ಟ್ಸ್‌ನಲ್ಲಿ 1 ಕಿಲೋಹರ್ಟ್ಸ್ ವ್ಯತ್ಯಾಸ. ಓವನ್ (ಟೈಮ್‌ಬೇಸಿನ ಕ್ರಿಸ್ಟಲನ್ನು ಒಂದೇ ಬಿಸಿಯಲ್ಲಿಡುವ ಪುಟ್ಟ ಡಬ್ಬಿ) ಇರುವ ಮಾಡೆಲ್‌ಗೆ ಜಾಸ್ತಿ ಬೆಲೆ ಕೇಳುತ್ತಾರೆ. ನಿಮ್ಮ ಹತ್ತಿರ ಈಗಾಗಲೇ ಜಿಪಿಎಸ್‌ಗೆ ಲಾಕ್ ಆದ 10 ಮೆಗಾಹರ್ಟ್ಸ್ ರೆಫರೆನ್ಸ್ ಇದ್ದರೆ ಆ ದುಡ್ಡು ದಂಡ. ಹಿಂಭಾಗದ ಹೊರ ರೆಫರೆನ್ಸ್ ಇನ್‌ಪುಟ್ ಕೆಲಸ ಮಾಡಿದರೆ ಸಾಕು. ಫ್ಯಾನ್ ಸದ್ದು, ಪವರ್ ಸಪ್ಲೈಯ ಮುದಿ ಕೆಪಾಸಿಟರ್‌ಗಳನ್ನೆಲ್ಲ ಮನೆಯಲ್ಲೇ ಸರಿ ಮಾಡಿಕೊಳ್ಳಬಹುದು. ಅವಕ್ಕೆ ಹೆದರಬೇಡಿ, ಚೌಕಾಸಿಗೆ ಬಳಸಿಕೊಳ್ಳಿ. ಅಂದಹಾಗೆ, ನಿಮ್ಮ ಕೆಲಸವೆಲ್ಲ 3 ಗಿಗಾಹರ್ಟ್ಸ್ ಒಳಗೇ ಇದ್ದರೆ ಪ್ರಿಸ್ಕೇಲರ್ (ಫ್ರೀಕ್ವೆನ್ಸಿಯನ್ನು ಭಾಗಿಸಿ ತಗ್ಗಿಸುವ ಸರ್ಕ್ಯೂಟ್) ಇರುವ ಸಾಮಾನ್ಯ ಕೌಂಟರ್ ಸಾಕು. ಈ ಭಾರದ ಪೆಟ್ಟಿಗೆ ಸುಮ್ನೆ ಯಾಕೆ?

ಕೌಂಟರ್ ಜೊತೆಗೇ ಸಿಗ್ನಲಿನ ಬಲ ತಗ್ಗಿಸುವ ಒಂದು ಒಳ್ಳೆಯ 30 ಡಿಬಿ ಅಟೆನ್ಯುಯೇಟರ್ ಕೊಳ್ಳಿ. 1 ವಾಟ್ ಅಂದರೆ 30 ಡಿಬಿಎಂ. ಅಟೆನ್ಯುಯೇಟರ್ ದಾಟಿದ ಮೇಲೆ ಸ್ಯಾಂಪ್ಲರಿಗೆ ಸಿಗುವುದು ಬರೀ 1 ಮಿಲಿವಾಟ್. ಆ ಅಟೆನ್ಯುಯೇಟರ್ ನೀವು ಬಳಸುವ ಅತಿ ಹೆಚ್ಚಿನ ಫ್ರೀಕ್ವೆನ್ಸಿಗೆ ರೇಟ್ ಆಗಿದೆಯಾ, ನಿಮ್ಮ ಟ್ರಾನ್ಸ್‌ಮಿಟರಿನ ವಾಟ್ ತಡೆಯುತ್ತದಾ, ಅದರ ಮೈಮೇಲೇ ಬರೆದಿರುತ್ತದೆ.